‘ವಕೀಲರ ಫೀ ಸಹ ನೀವೇ ಕೊಡತಕ್ಕದ್ದು’: ಬಾಂಡ್ ಪೇಪರಿನ ಒಂದು ಸಾಲಿನ ಹಿಂದಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ವಿಷಯ ಒಂದೇ ಒಂದು ಸಾಲು. ನಿಮ್ಮ ಮನೆಯಲ್ಲಿ ಹೊಲದ್ದೋ ಪ್ಲಾಟಿನದ್ದೋ ಖರೀದಿ ಕರಾರು ಪತ್ರ ಇದ್ದರೆ ತೆಗೆದು ನೋಡ್ರಿ. ಕೊನೆಯ ಪುಟದ ಹತ್ತಿರ, ಸಾಕ್ಷಿದಾರರ ಸಹಿಗಿಂತ ಸ್ವಲ್ಪ ಮೇಲೆ, ಹೆಚ್ಚುಕಮ್ಮಿ ಹೀಗೆ ಇರುತ್ತೆ: ‘ಕರಾರಿನಂತೆ ನಡೆಯದೆ ಹೋದಲ್ಲಿ ಕೋರ್ಟಿನ ಖರ್ಚು, ವಕೀಲರ ಫೀ ಸಮೇತ ಎಲ್ಲ ಹಣವನ್ನೂ ತಪ್ಪಿದವರಿಂದ ವಸೂಲು ಮಾಡಲು ಹಕ್ಕು ಇರುತ್ತದೆ.’ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿಯ ಪತ್ರವಾದರೂ ಅಷ್ಟೇ. ಬರೆದುಕೊಡೋರು ಹಳೇ ಪತ್ರ ನೋಡಿ ಹೊಸದು ಬರೀತಾರೆ, ಸಾಲು ಹಾಗೇ ಮುಂದುವರಿಯುತ್ತೆ.

ಪ್ರಶ್ನೆ ಇಷ್ಟೇ. ನಾಳೆ ಕೇಸ್ ಆಯ್ತು, ನೀವೇ ಗೆದ್ರಿ. ಆ ಸಾಲಿನ ಪ್ರಕಾರ ನಿಮ್ಮ ವಕೀಲರಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತಾ? ಒಂದೇ ಮಾತಲ್ಲಿ ಹೇಳೋದಾದ್ರೆ, ಪೂರ್ತಿ ಬರೋದಿಲ್ಲ, ಬಹಳ ಸಲ ಅದರ ಒಂದು ಚೂರು ಮಾತ್ರ. ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೊಳೆ ದಾಟಿದ್ರೆ ಬೇರೆ ಕಾನೂನು

ಇವತ್ತು ಮುನಿರಾಬಾದಿನಿಂದ ಹೊಸಪೇಟೆಗೆ ಹೋಗೋದು ಒಂದು ದೊಡ್ಡ ವಿಷಯವೇ ಅಲ್ಲ. ಎಂಬತ್ತು ವರ್ಷದ ಹಿಂದೆ ತುಂಗಭದ್ರೆ ದಾಟೋದು ಅಂದ್ರೆ ಸರ್ಕಾರವನ್ನೇ ದಾಟೋದು. ಆಚೆ ದಡದ ಹೊಸಪೇಟೆ, ಬಳ್ಳಾರಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ. ಪಶ್ಚಿಮಕ್ಕೆ ಗದಗ ಮುಂಬೈ ಪ್ರಾಂತ್ಯದಲ್ಲಿ. ನಡುವೆ ನಮ್ಮ ಕೊಪ್ಪಳದ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ.

ಅದರಲ್ಲೂ ನಾಲ್ಕು ತಾಲೂಕು ಒಂದೇ ಥರ ಇರಲಿಲ್ಲ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ನೋಡಿರ್ತೀರಲ್ಲ, ಅದೇ ಮನೆತನ. ಕುಷ್ಟಗಿ, ಗಂಗಾವತಿ ಮೊದಲು ಲಿಂಗಸುಗೂರು ಜಿಲ್ಲೆಯಲ್ಲಿದ್ದವು. 1905ರಲ್ಲಿ ಆ ಜಿಲ್ಲೆ ರದ್ದಾಗಿ ರಾಯಚೂರಿಗೆ ಸೇರಿದವು. ದೊಡ್ಡ ಜಹಗೀರುದಾರರಿಗೆ ಕಂದಾಯ ವಸೂಲಿ ಅಷ್ಟೇ ಅಲ್ಲ, ನ್ಯಾಯ ಹೇಳೋ ಅಧಿಕಾರವೂ ಇರುತ್ತಿತ್ತು. 1884ರಿಂದ ಸಂಸ್ಥಾನದ ಆಡಳಿತ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಮಾತಾಡೋ ರೈತ ತನ್ನ ಹೊಲದ ಕಾಗದ ಓದಿಸೋದಕ್ಕೂ ಇನ್ನೊಬ್ಬರ ಹತ್ತಿರ ಹೋಗಬೇಕಿತ್ತು. ಇವತ್ತಿಗೂ ನಾವು ಕೋರ್ಟಿನ ವಿಷಯ ಬಂದರೆ ವಕೀಲ, ವಕಾಲತ್ತು, ದಾವೆ, ದಸ್ತಾವೇಜು, ಹರ್ಜಾನೆ, ರಾಜಿ ಅಂತೀವಿ. ಎಲ್ಲಾ ಪಾರ್ಸಿ, ಅರಬಿ ಮೂಲದ ಮಾತುಗಳು.

ಬ್ರಿಟಿಷ್ ಪ್ರಾಂತ್ಯಗಳಲ್ಲಿ 1872ರ ಭಾರತೀಯ ಕರಾರು ಕಾಯ್ದೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಜಾರಿಯಲ್ಲಿದ್ದವು. ಹೈದರಾಬಾದಿಗೆ ತನ್ನದೇ ಶಾಸನ, ತನ್ನದೇ ಹೈಕೋರ್ಟ್. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. 1949ರ ಆಗಸ್ಟ್‌ನಲ್ಲಿ ಜಹಗೀರುಗಳು ರದ್ದಾದವು. 1951ರ ಏಪ್ರಿಲ್ 1ರಂದು ಈ ಎರಡು ಕಾಯ್ದೆಗಳು ಹೈದರಾಬಾದ್ ರಾಜ್ಯಕ್ಕೂ ಬಂದವು. ಅಂದ್ರೆ ಬಿ.ಕಾಂ.ನಲ್ಲಿ ನಾನು ಬಿಸಿನೆಸ್ ಲಾ ಪೇಪರಿಗೆ ಉರು ಹೊಡೆದ 73, 74ನೇ ಕಲಂಗಳು ಹೊಸಪೇಟೆಯ ರೈತನಿಗೆ 1872ರಿಂದ ಅನ್ವಯಿಸಿದರೆ, ಹೊಳೆಯ ಈಚೆ ಆನೆಗೊಂದಿಯ ರೈತನಿಗೆ 1951ರಿಂದ. ನಡುವೆ ಒಂದು ಹರಿಗೋಲಿನ ದಾರಿ, ಎಪ್ಪತ್ತೊಂಬತ್ತು ವರ್ಷ.

ಸೋತವನು ಕೊಡಬೇಕು, ಆದರೆ ಎಷ್ಟು?

ವಕೀಲರ ಫೀ ಯಾರು ಕೊಡಬೇಕು ಅನ್ನೋದಕ್ಕೆ ಜಗತ್ತಿನಲ್ಲಿ ಎರಡು ದೊಡ್ಡ ಪದ್ಧತಿಗಳಿವೆ. ಇಂಗ್ಲೆಂಡಿನಲ್ಲಿ ಸೋತವನು ಗೆದ್ದವನ ಖರ್ಚು ಕೊಡಬೇಕು. ಅದರ ಬೇರು 1278ರ ಗ್ಲೌಸ್ಟರ್ ಶಾಸನದಲ್ಲಿದೆ. ಅಮೆರಿಕದಲ್ಲಿ ಅವರವರ ವಕೀಲರ ಫೀ ಅವರವರೇ ಕೊಡಬೇಕು. ಅಲ್ಲಿನ ಸುಪ್ರೀಂ ಕೋರ್ಟ್ 1796ರಲ್ಲೇ ಹಾಗಂತ ಹೇಳಿತು. ಅದಕ್ಕೇ ಅಮೆರಿಕದಲ್ಲಿ ಮನೆ ಮಾರಾಟದ ಕರಾರು ಬರೆಯುವಾಗ ‘ವಕೀಲರ ಫೀ’ ಷರತ್ತಿಗೆ ಬಹಳ ಬೆಲೆ. ಷರತ್ತು ಇದ್ದರೆ ದುಡ್ಡು ಸಿಗುತ್ತೆ, ಇಲ್ಲದಿದ್ದರೆ ಸಾಮಾನ್ಯವಾಗಿ ಇಲ್ಲ.

ನಮ್ಮದು ಇಂಗ್ಲೆಂಡಿನ ದಾರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಪ್ರಕಾರ ಖರ್ಚು ಯಾರು, ಯಾರಿಗೆ, ಎಷ್ಟು ಕೊಡಬೇಕು ಅನ್ನೋದು ಕೋರ್ಟಿನ ವಿವೇಚನೆ. ಸಾಮಾನ್ಯವಾಗಿ ಗೆದ್ದವರಿಗೆ ಸಿಗಬೇಕು. ಕೊಡಿಸೋದಿಲ್ಲ ಅಂದ್ರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಕೇಳೋದಕ್ಕೆ ಚೆನ್ನಾಗಿದೆ. ತೊಡಕು ಇರೋದು ‘ಎಷ್ಟು’ ಅನ್ನೋ ಕಡೆ.

ಯಾರ ಮನೆಯಲ್ಲಾದರೂ ಸಿವಿಲ್ ಕೋರ್ಟಿನ ಡಿಕ್ರಿ ಇದ್ದರೆ ಅದರ ಕೊನೆಗೆ ಒಂದು ಪಟ್ಟಿ ಇರುತ್ತೆ. ಅದರ ಮಾದರಿ 1908ರ ಸಂಹಿತೆಯ ಜೊತೆಗೇ ಬಂದದ್ದು. ದಾವೆಗೆ ಹಚ್ಚಿದ ಸ್ಟ್ಯಾಂಪು, ವಕಾಲತ್ತಿನ ಸ್ಟ್ಯಾಂಪು, ದಾಖಲೆಗಳ ಸ್ಟ್ಯಾಂಪು, ವಕೀಲರ ಫೀ, ಸಾಕ್ಷಿಗಳ ಭತ್ಯೆ, ಕಮಿಷನರ್ ಫೀ, ನೋಟಿಸ್ ಜಾರಿಯ ಖರ್ಚು. ಎದುರಿಗೆ ರೂಪಾಯಿ ಬರೆಯೋ ಜಾಗ. ಇಲ್ಲಿ ‘ವಕೀಲರ ಫೀ’ ಅಂದ್ರೆ ನೀವು ನಿಜವಾಗಿ ಕೊಟ್ಟ ಫೀ ಅಂತ ತಿಳಿಯಬೇಡಿ. ದಾವೆಯ ಮೌಲ್ಯ ನೋಡಿ, ನಿಯಮದ ಪಟ್ಟಿ ಪ್ರಕಾರ ಲೆಕ್ಕ ಹಾಕಿದ ಫೀ ಅದು. ಕಟ್ಟಿದ ಕೋರ್ಟ್ ಫೀ ಬಹುಮಟ್ಟಿಗೆ ವಾಪಸ್ ಬರಬಹುದು, ವಕೀಲರಿಗೆ ಕೊಟ್ಟದ್ದು ಹಾಗೆ ಬರೋದಿಲ್ಲ. ಹತ್ತು ವರ್ಷ ಓಡಾಡಿದ ಬಸ್ ಚಾರ್ಜು, ತಪ್ಪಿದ ಕೂಲಿ, ಝೆರಾಕ್ಸು, ಊಟ, ಇವಕ್ಕೆಲ್ಲ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ.

ಓಡಾಟ ನಮ್ಮ ಭಾಗದಲ್ಲಿ ಸಣ್ಣ ಖರ್ಚಲ್ಲ. 1956ರಲ್ಲಿ ಏಕೀಕರಣ ಆದ ಮೇಲೂ ಜಿಲ್ಲಾ ಕೇಂದ್ರ ರಾಯಚೂರು, ಹೈಕೋರ್ಟ್ ಬೆಂಗಳೂರು. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಶುರುವಾಗಿದ್ದು 2008ರಲ್ಲಿ, ಕೊಪ್ಪಳ ಜಿಲ್ಲೆ ಅದರ ವ್ಯಾಪ್ತಿಗೆ ಬಂತು. ಅಲ್ಲಿಯವರೆಗೆ ಯಲಬುರ್ಗಾದ ಎರಡು ಎಕರೆ ಹೊಲದ ಮೇಲ್ಮನವಿಗೂ ಬೆಂಗಳೂರಿನ ರೈಲೇ ಹತ್ತಬೇಕಿತ್ತು.

ಸುಳ್ಳು ದಾವೆ ಹಾಕಿ ಸತಾಯಿಸೋರಿಗೆ ಶಿಕ್ಷೆ ಇಲ್ವಾ? ಇದೆ, 35ಎ ಕಲಂ. 1922ರಲ್ಲಿ ಸೇರಿಸಿದ್ದು. ಗೊತ್ತಿದ್ದೂ ಸುಳ್ಳು ತಕರಾರು ತೆಗೆದವರಿಂದ ಎದುರಿನವರಿಗೆ ಪರಿಹಾರ ಕೊಡಿಸಬಹುದು. ಮೊದಲು ಮಿತಿ 1,000 ರೂಪಾಯಿ. 1976ರ ತಿದ್ದುಪಡಿಯಲ್ಲಿ 3,000. ಇವತ್ತಿಗೂ ಸಾಮಾನ್ಯ ಸಿವಿಲ್ ದಾವೆಗಳಲ್ಲಿ ಅದೇ 3,000. ಕಾನೂನು ಆಯೋಗ 2012ರಲ್ಲಿ ಸಿವಿಲ್ ಖರ್ಚುಗಳ ಬಗ್ಗೆಯೇ ಒಂದು ವರದಿ ಕೊಟ್ಟು, ಇದನ್ನು ಒಂದು ಲಕ್ಷಕ್ಕೆ ಏರಿಸಿ ಅಂತ ಹೇಳಿತು. ಏರಿಲ್ಲ. ಕಾಮರ್ಸ್ ಓದಿದವನ ಕಣ್ಣಿಗೆ ಇದು ತೀರಾ ಸರಳ ಲೆಕ್ಕ. ಸುಳ್ಳು ಕೇಸ್ ಹಾಕಿದರೆ ಹೆಚ್ಚೆಂದರೆ ಮೂರು ಸಾವಿರ ನಷ್ಟ, ಎದುರಿನವನು ಸುಸ್ತಾಗಿ ರಾಜಿಗೆ ಬಂದರೆ ಲಕ್ಷಗಟ್ಟಲೆ ಲಾಭ.

ಕಾಲುವೆ ಬಂತು, ಕರಾರುಗಳು ಬಂದವು

1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಎರಡೂ ದಡಗಳಲ್ಲಿ ಅಡಿಗಲ್ಲು ಇಟ್ಟರು. ಒಂದು ಕಡೆ ಹೈದರಾಬಾದಿನವರು, ಇನ್ನೊಂದು ಕಡೆ ಮದ್ರಾಸಿನವರು. 1953ರಲ್ಲಿ ನೀರು ಹರಿಯೋಕೆ ಶುರುವಾಯಿತು. ಎಡದಂಡೆ ಕಾಲುವೆ ಗಂಗಾವತಿಯ ಚಿತ್ರವನ್ನೇ ಬದಲಿಸಿತು. ಕರಾವಳಿ ಆಂಧ್ರದಿಂದ ರೈತರು ಬಂದು ಜಮೀನು ಕೊಂಡರು, ಕ್ಯಾಂಪುಗಳು ಹುಟ್ಟಿದವು, ಜೋಳದ ಸೀಮೆ ಭತ್ತದ ಸೀಮೆ ಆಯಿತು. ಕುಷ್ಟಗಿ, ಯಲಬುರ್ಗಾ ಮಾತ್ರ ಮಳೆ ನಂಬಿದ ನೆಲವಾಗಿ ಉಳಿದವು.

ಪರಿಚಯ ಇಲ್ಲದವರ ನಡುವೆ ಜಮೀನು ಕೈ ಬದಲಾದಾಗ ಬಾಯಿಮಾತು ಸಾಲೋದಿಲ್ಲ, ಕಾಗದ ಬೇಕು. ಸಂಚಕಾರ ಇಷ್ಟು, ಉಳಿದದ್ದು ಇಷ್ಟು ತಿಂಗಳಲ್ಲಿ, ಕೊಳ್ಳುವವನು ತಪ್ಪಿದರೆ ಸಂಚಕಾರ ಮುಟ್ಟುಗೋಲು, ಮಾರುವವನು ತಪ್ಪಿದರೆ ಎರಡರಷ್ಟು ವಾಪಸ್. ಅದರ ಬಾಲಕ್ಕೆ ಕೋರ್ಟ್ ಖರ್ಚಿನ ಸಾಲು.

ಈ ಥರದ ಷರತ್ತುಗಳಿಗೆ 74ನೇ ಕಲಂ ಹಾಕೋ ಮಿತಿ ಹೀಗಿದೆ. ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಸಿಗೋದು ‘ನ್ಯಾಯವಾದ ಪರಿಹಾರ’ ಮಾತ್ರ. ಬರೆದ ಮೊತ್ತ ಮೇಲಿನ ಮಿತಿ, ಅಷ್ಟೇ. ಇದನ್ನು ಸುಪ್ರೀಂ ಕೋರ್ಟ್ ಗಟ್ಟಿ ಮಾಡಿದ್ದೂ ಒಂದು ಮನೆ ಮಾರಾಟದ ಕೇಸಿನಲ್ಲೇ. ನಮ್ಮಲ್ಲಿ ಜಹಗೀರು ಹೋದ ಅದೇ 1949ರಲ್ಲಿ ದೆಹಲಿಯ ಒಂದು ಬಂಗಲೆ 1,12,500 ರೂಪಾಯಿಗೆ ಕರಾರಾಯಿತು. ಸಂಚಕಾರ 1,000, ನಂತರ ಬೆಲೆಯಲ್ಲಿ 24,000. ಖರೀದಿ ಪೂರ್ತಿ ಆಗದಿದ್ದರೆ 25,000 ಪೂರಾ ಮುಟ್ಟುಗೋಲು ಅಂತ ಷರತ್ತು. ಖರೀದಿ ನಿಂತುಹೋಯಿತು. ಫತೇಚಂದ್ ವಿರುದ್ಧ ಬಾಲಕಿಶನ್ ದಾಸ್ ಅನ್ನೋ ಆ ಕೇಸಿನಲ್ಲಿ 1963ರಲ್ಲಿ ತೀರ್ಪು ಬಂತು. ಸಂಚಕಾರದ 1,000 ಇಟ್ಟುಕೊಳ್ಳಬಹುದು. ಆದರೆ ಷರತ್ತು ಬರೆದಿದೆ ಅನ್ನೋ ಒಂದೇ ಕಾರಣಕ್ಕೆ ಆ 24,000 ನುಂಗೋ ಹಾಗಿಲ್ಲ.

ವಕೀಲರ ಫೀ ಸಾಲಿಗೂ ಇದರಿಂದ ಒಂದು ಪಾಠ ಇದೆ. ‘ಐದು ಲಕ್ಷ ವಕೀಲರ ಫೀ ಕೊಡತಕ್ಕದ್ದು’ ಅಂತ ಬರೆಸಿಕೊಂಡ ಮಾತ್ರಕ್ಕೆ ಐದು ಲಕ್ಷ ಸಿಗೋದಿಲ್ಲ. ನ್ಯಾಯವಾದ ಮೊತ್ತ ಯಾವುದು ಅಂತ ಕೋರ್ಟ್ ನೋಡುತ್ತೆ.

45 ಲಕ್ಷ ಕೊಟ್ಟು, ವಾಪಸ್ ತೆಗೆದ ಕೇಸು

ನಿಜವಾದ ಖರ್ಚು ಕೊಡಿಸಿ ಅಂತ ಸುಪ್ರೀಂ ಕೋರ್ಟೇ ಹೇಳಿಲ್ವಾ? ಹೇಳಿದೆ. 2005ರ ಸೇಲಂ ವಕೀಲರ ಸಂಘದ ಕೇಸಿನಲ್ಲಿ, ಖರ್ಚು ಅನ್ನೋದು ಹೆಸರಿಗೆ ಮಾತ್ರ ಆಗಬಾರದು, ಓಡಾಟ, ವಸತಿ, ವಕೀಲರ ಫೀ ಎಲ್ಲ ಸೇರಿ ವಾಸ್ತವಕ್ಕೆ ಹತ್ತಿರ ಇರಬೇಕು, ಅದಕ್ಕೆ ತಕ್ಕಂತೆ ಹೈಕೋರ್ಟುಗಳು ನಿಯಮ ಮಾಡಲಿ ಎಂದಿತು.

ಅದನ್ನು ನಂಬಿ ದೆಹಲಿ ಹೈಕೋರ್ಟ್ ಒಂದು ಬಾಡಿಗೆ ಆಸ್ತಿಯ ವಿವಾದದಲ್ಲಿ ಗೆದ್ದವರಿಂದ ನಿಜ ಖರ್ಚಿನ ಲೆಕ್ಕ ತರಿಸಿತು, ಸೋತವರು 45 ಲಕ್ಷಕ್ಕೂ ಹೆಚ್ಚು ಕೊಡಬೇಕು ಅಂತ ಆದೇಶಿಸಿತು. ಸಂಜೀವ್ ಕುಮಾರ್ ಜೈನ್ ಕೇಸ್ ಅಂತ ಅದಕ್ಕೆ ಹೆಸರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಮೊತ್ತ ತೆಗೆದುಹಾಕಿತು. ವಾಸ್ತವ ಖರ್ಚು ಕೊಡಿಸಬೇಕು ಅನ್ನೋದು ಸರಿ, ಆದರೆ ನಿಯಮದಲ್ಲಿ ಇರೋದಕ್ಕಿಂತ ಹೆಚ್ಚು ಕೊಡಿಸೋಕೆ ಆಗೋದಿಲ್ಲ, ಮೊದಲು ನಿಯಮ ಬದಲಾಗಲಿ ಅಂತ.

ಗೆದ್ದವನಿಗೆ ಇದು ಅನ್ಯಾಯ ಅನಿಸುತ್ತೆ. ಆದರೆ ಇನ್ನೊಂದು ಕಡೆಯಿಂದಲೂ ನೋಡಿ. ನಿಮ್ಮ ಎದುರಾಳಿ ದೊಡ್ಡ ಬಿಲ್ಡರ್. ಒಂದು ದಿನಕ್ಕೆ ಲಕ್ಷ ತಗೊಳ್ಳೋ ವಕೀಲರನ್ನು ಕರೆಸುತ್ತಾನೆ. ಅಕಸ್ಮಾತ್ ನೀವು ಸೋತರೆ? ಅವನ ಪೂರ್ತಿ ಬಿಲ್ ನಿಮ್ಮ ಮನೆಗೆ ಬಂದರೆ ಹೊಲ ಹೋಗುತ್ತೆ. ಆ ಭಯಕ್ಕೆ ನ್ಯಾಯವಾದ ಕೇಸನ್ನೂ ಹಾಕದೆ ಸುಮ್ಮನಾಗ್ತೀರಿ. ಮಿತಿ ಸಣ್ಣವನನ್ನು ಕಾಯುತ್ತೆ, ಸಣ್ಣವನು ಗೆದ್ದಾಗ ಅದೇ ಮಿತಿ ಅವನ ಜೇಬು ಖಾಲಿ ಮಾಡುತ್ತೆ. ಎರಡೂ ನಿಜ.

ಆ ಸಾಲಿಗೆ ಜೀವ ಇರೋ ಜಾಗಗಳು

ಹಾಗಂತ ಆ ಸಾಲು ಎಲ್ಲ ಕಡೆಯೂ ದಂಡವಲ್ಲ.

ಒಂದು, ಬ್ಯಾಂಕಿನ ಕಾಗದ. ಮನೆ ಸಾಲ ಬಾಕಿ ಉಳಿದು ಸರ್ಫೇಸಿ ಕಾಯ್ದೆಯಡಿ ಕ್ರಮ ಶುರುವಾದರೆ, ಬ್ಯಾಂಕು ಯೋಗ್ಯವಾಗಿ ಮಾಡಿದ ಖರ್ಚನ್ನೆಲ್ಲ ಸಾಲಗಾರನಿಂದಲೇ ವಸೂಲು ಮಾಡಬಹುದು, 13ನೇ ಕಲಂನಲ್ಲೇ ಹಾಗಿದೆ. (ಕೃಷಿ ಜಮೀನು ಈ ಕಾಯ್ದೆಯಿಂದ ಹೊರಗಿದೆ, ಅದು ನೆನಪಿರಲಿ.) ಅಡಮಾನದ ದಾವೆಯಲ್ಲೂ ಅಡಮಾನ ಹಿಡಿದವರ ಯೋಗ್ಯ ಖರ್ಚನ್ನು ಕೋರ್ಟ್ ಸಾಲಕ್ಕೆ ಸೇರಿಸುತ್ತೆ. ಅಂದ್ರೆ ಅದೇ ಸಾಲು ಬ್ಯಾಂಕಿನ ಫಾರಂನಲ್ಲಿದ್ದರೆ ಹಿಂದೆ ಕಾನೂನಿನ ಬಲ ಇದೆ, ನಿಮ್ಮ ಬಾಂಡ್ ಪೇಪರಿನಲ್ಲಿದ್ದರೆ ಕೋರ್ಟಿನ ವಿವೇಚನೆಗೆ ಬಿಟ್ಟದ್ದು.

ಎರಡು, ಖರೀದಿ ಪತ್ರದ ನಷ್ಟಭರ್ತಿ ಷರತ್ತು. ಇದು ನಮ್ಮ ಕಡೆ ಬಹಳ ಮುಖ್ಯ. ನೀವು ಹೊಲ ಕೊಂಡ ಮೇಲೆ, ಮಾರಿದವರ ಅಕ್ಕನೋ ದೊಡ್ಡಪ್ಪನ ಮಗನೋ ‘ನನ್ನ ಪಾಲೂ ಇದೆ’ ಅಂತ ದಾವೆ ಹಾಕಬಹುದು. ಅವರ ಹಕ್ಕು ನಿಜವೇ ಇರಬಹುದು, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ ಕಾನೂನಾಗಿ ತಂದಿದೆ. ಆಗ ನಿಮಗೆ ಆಸರೆ ಮಾರಿದವರು ಬರೆದುಕೊಟ್ಟ ನಷ್ಟಭರ್ತಿಯ ಮಾತು. ಕರಾರು ಕಾಯ್ದೆಯ 125ನೇ ಕಲಂ ಪ್ರಕಾರ, ಅಂಥ ದಾವೆಯಲ್ಲಿ ವಿವೇಕದಿಂದ ನಡೆದುಕೊಂಡಿದ್ದರೆ, ನೀವು ಕೊಡಬೇಕಾಗಿ ಬಂದ ಖರ್ಚನ್ನೂ ಮಾರಿದವರಿಂದ ಕೇಳಬಹುದು. ಮಾರುವವರು, ಕೊಳ್ಳುವವರ ನಡುವಿನ ಜಗಳಕ್ಕಿಂತ ಮೂರನೆಯವರು ಬಂದಾಗಲೇ ಖರ್ಚಿನ ಸಾಲಿಗೆ ಶಕ್ತಿ ಜಾಸ್ತಿ.

ಮೂರು, ವಾಣಿಜ್ಯ ಆಸ್ತಿ. ವ್ಯಾಪಾರಕ್ಕಷ್ಟೇ ಬಳಸೋ ಗೋದಾಮು, ಅಂಗಡಿ, ರೈಸ್ ಮಿಲ್ಲಿನ ಜಾಗದ ಕರಾರು ಆಗಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬರುತ್ತೆ. 2018ರಿಂದ 3 ಲಕ್ಷ ರೂಪಾಯಿ ಮೌಲ್ಯದ ವಿವಾದಕ್ಕೂ ಅನ್ವಯಿಸುತ್ತೆ. ಅಲ್ಲಿ ಯೋಗ್ಯವಾದ ವಕೀಲರ ಫೀ ಖರ್ಚಿನಲ್ಲೇ ಸೇರುತ್ತೆ ಅಂತ ಸ್ಪಷ್ಟವಾಗಿ ಬರೆದಿದೆ. ಗಂಗಾವತಿಯ ಮಿಲ್ ಮಾಲೀಕನಿಗೆ ಸಿಗೋ ಈ ನಿಯಮ ಪಕ್ಕದ ಹೊಲದ ರೈತನಿಗೆ ಇಲ್ಲ.

ನಾಲ್ಕು, ಮಧ್ಯಸ್ಥಿಕೆ, ಅಂದ್ರೆ ಆರ್ಬಿಟ್ರೇಷನ್. ಬಿಲ್ಡರ್ ಕರಾರುಗಳಲ್ಲಿ ಈ ಷರತ್ತು ಇರುತ್ತೆ. ಗೆಲ್ಲಲಿ ಸೋಲಲಿ ಖರ್ಚು ಇಂಥವರೇ ಕೊಡಬೇಕು ಅಂತ ಮೊದಲೇ ಬರೆಸಿಕೊಂಡಿದ್ದರೆ ಅದು ನಡೆಯೋದಿಲ್ಲ. ಜಗಳ ಹುಟ್ಟಿದ ಮೇಲೆ ಒಪ್ಪಿಕೊಂಡಿದ್ದರೆ ಮಾತ್ರ ಅಂಥ ಮಾತು ಊರ್ಜಿತ. 2015ರಲ್ಲಿ ಸೇರಿಸಿದ 31ಎ ಕಲಂ ಇದು.

ಒಂದು ಕಡೆ ಬರೆದರೆ ಎರಡೂ ಕಡೆ

ಕ್ಯಾಲಿಫೋರ್ನಿಯಾದಲ್ಲಿ 1968ರಲ್ಲಿ ಒಂದು ಕಾನೂನು ಬಂತು. ಕರಾರಿನಲ್ಲಿ ‘ಮಾಲೀಕನಿಗೆ ಮಾತ್ರ ವಕೀಲರ ಫೀ ಸಿಗಬೇಕು’ ಅಂತ ಒಬ್ಬರ ಪರವಾಗಿ ಬರೆದಿದ್ದರೂ, ಗೆದ್ದವರು ಯಾರೇ ಆಗಲಿ ಅವರಿಗೆ ಸಿಗುತ್ತೆ. ಬರೆಸಿದವನಿಗೇ ಅದು ತಿರುಗಿ ಬರುತ್ತೆ.

ನಮ್ಮಲ್ಲಿ ವಕೀಲರ ಫೀಗೆ ಅಂಥ ನಿಯಮ ಇಲ್ಲ. ಆದರೆ ಬಡ್ಡಿಗೆ ಇದೆ. 2016ರ ರೇರಾ ಕಾಯ್ದೆಯಲ್ಲಿ, ನೀವು ಕಂತು ತಡ ಮಾಡಿದರೆ ಬಿಲ್ಡರ್ ಹಾಕೋ ಬಡ್ಡಿ ದರವೂ, ಅವನು ತಡ ಮಾಡಿದರೆ ಕೊಡೋ ದರವೂ ಒಂದೇ ಇರಬೇಕು. 2019ರ ಪಯನೀರ್ ಅರ್ಬನ್ ಕೇಸಿನ ಕರಾರಿನಲ್ಲಿ ಕೊಂಡವರಿಗೆ 18%, ಬಿಲ್ಡರಿಗೆ 9% ಬಡ್ಡಿ ಇತ್ತು. ಇಂಥ ಒಂದೇ ಕಡೆಯ ಷರತ್ತುಗಳಿಗೆ ಕೊಂಡವರು ಕಟ್ಟುಬೀಳಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಬಡ್ಡಿಗೆ ಒಪ್ಪಿದ ಸಮಾನತೆಯನ್ನು ಖರ್ಚಿಗೂ ಒಪ್ಪಬೇಕು ಅನ್ನೋದು ನನ್ನ ವಾದ. ಜೊತೆಗೆ ಆ 3,000 ರೂಪಾಯಿ ಮಿತಿ ಹೋಗಬೇಕು, ಯಾಕಂದ್ರೆ ಸುಳ್ಳು ಹೇಳಿದವನಿಗೂ ಸೋತ ಪ್ರಾಮಾಣಿಕನಿಗೂ ಈಗ ಹೆಚ್ಚು ವ್ಯತ್ಯಾಸವೇ ಇಲ್ಲ.

ಹಾಗಾದ್ರೆ ಏನು ಮಾಡೋದು?

ಕರಾರಿನಲ್ಲಿ ಆ ಸಾಲು ಇರಲಿ, ಆದರೆ ಎರಡೂ ಕಡೆಗೆ ಅನ್ವಯಿಸೋ ಹಾಗೆ ಬರೆಸಿ. ಖರೀದಿ ಪತ್ರದಲ್ಲಿ ಹಕ್ಕಿನ ತಕರಾರು ಬಂದರೆ ನಷ್ಟ ಮತ್ತು ದಾವೆ ಖರ್ಚು ಎರಡನ್ನೂ ತುಂಬಿಕೊಡೋ ಮಾತು ಬೇರೆಯಾಗಿ, ಬಿಡಿಸಿ ಬರೆಸಿ. ದಾವೆ ಹಾಕುವಾಗ ಖರ್ಚು ಬೇಕು ಅಂತ ಬಾಯಿ ಬಿಟ್ಟು ಕೇಳಿ. ವಕೀಲರಿಗೆ ಕೊಟ್ಟದ್ದಕ್ಕೆ ರಸೀದಿ ತಗೊಳ್ಳಿ, ಆದಷ್ಟು ಖಾತೆಯಿಂದ ಕೊಡಿ. ದಾಖಲೆ ಇಲ್ಲದ ಖರ್ಚನ್ನು ಯಾರೂ ಕೊಡಿಸೋದಿಲ್ಲ. ಎದುರಿನವರು ಸುಮ್ಮನೆ ತಾರೀಖು ತಗೊಂಡು ಎಳೀತಿದ್ದರೆ 35ಬಿ ಕಲಂ ಅಡಿ ಆ ದಿನದ ಖರ್ಚು ಕೇಳಿ. ಆದೇಶ ಆದರೆ, ಅದನ್ನು ಕಟ್ಟದೆ ಅವರು ಕೇಸ್ ಮುಂದುವರಿಸೋ ಹಾಗಿಲ್ಲ. ಇನ್ನು ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ 1987ರ ಕಾಯ್ದೆಯಡಿ ಉಚಿತ ಕಾನೂನು ನೆರವು ಇದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತೆ.

ಮತ್ತೆ ಒಂದು ಮಾತು. ಯಾರಾದರೂ ಆ ಸಾಲಿನ ಮೇಲೆ ಬೆರಳಿಟ್ಟು ‘ಕೋರ್ಟಿಗೆ ಹೋದ್ರೆ ನನ್ನ ವಕೀಲರ ಖರ್ಚೂ ನಿನ್ನ ತಲೆಗೇ’ ಅಂತ ಹೆದರಿಸಿದರೆ, ಹೆದರಿ ಖಾಲಿ ಕಾಗದಕ್ಕೆ ಸಹಿ ಹಾಕಬೇಡ್ರಿ. ಎಷ್ಟು ಕೊಡಬೇಕು ಅನ್ನೋದನ್ನು ನಿರ್ಧರಿಸೋದು ಕೋರ್ಟು, ಕಾಗದ ಹಿಡಿದು ಎದುರಿಗೆ ಕೂತವನಲ್ಲ.

ನಿಮ್ಮ ಮನೆಯ ಹಳೇ ಕರಾರು ಪತ್ರದಲ್ಲಿ ಈ ಸಾಲು ಹೇಗಿದೆ, ಒಂದು ಕಡೆಗೋ ಎರಡೂ ಕಡೆಗೋ, ನೋಡಿ ವಾಯ್ಸ್ ನೋಟ್ ಕಳಿಸಿ. ಹೆಸರು, ಸರ್ವೆ ನಂಬರ್ ಹೇಳಬೇಡಿ, ಆ ಸಾಲು ಓದಿದರೆ ಸಾಕು. ಮತ್ತೆ ಸಿಗೋಣ.